ಕೊಳ್ಳೋದಾ, ಜೋಡಿಸೋದಾ?

ಇವತ್ತು ರಾಜಕೀಯ ಬೇಡ. ವಿಧಾನಸೌಧ ಎಲ್ಲೂ ಓಡಿ ಹೋಗಲ್ಲ, ನಾಳೆ ನೋಡ್ಕೊಳ್ಳೋಣ. ಇವತ್ತು ಗರುಡಾಚಾರ್‌ಪಾಳ್ಯದ ವೀಕ್ಷಕರೊಬ್ಬರ ಪತ್ರ ಇಟ್ಕೊಂಡು ಮಾತಾಡ್ತೀನಿ.

ಬರೆದವರು ಐಟಿಐ ನಿವೃತ್ತರು. ಐಟಿಐ ಅಂದ್ರೆ ಈಗಿನವರಿಗೆ ಕಾಲೇಜು ಅನ್ಸುತ್ತೆ. ಅದಲ್ಲ. 1948ರಲ್ಲಿ ಶುರುವಾದ, ದೂರವಾಣಿನಗರದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್. ನಮ್ಮ ನಿಮ್ಮ ಮನೆಯಲ್ಲಿ ಡಯಲ್ ತಿರುಗಿಸೋ ಫೋನ್ ಇತ್ತಲ್ಲ, ಆ ಕಾರ್ಖಾನೆ. ಇವರು ಅಲ್ಲಿ ಟೂಲ್ ರೂಮಿನಲ್ಲಿ ಇದ್ದವರು. ಮಗ ಅಮೆರಿಕದ ಟೆಕ್ಸಾಸ್‌ನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಎಚ್-1ಬಿ ವೀಸಾ. ಮೊನ್ನೆ ವಿಡಿಯೊ ಕಾಲ್‌ನಲ್ಲಿ ಮಗ ಕೇಳಿದನಂತೆ: "ಅಪ್ಪಾ, ಇಲ್ಲಿ ಆಫೀಸಿನವರೆಲ್ಲ ಶನಿವಾರ ಶೂಟಿಂಗಿಗೆ ಹೋಗ್ತಾರೆ. ನಾನೂ ಒಂದು ಸ್ಪೋರ್ಟಿಂಗ್ ರೈಫಲ್ ಇಟ್ಕೊಳ್ಳೋಣ ಅಂತಿದೀನಿ. ರೆಡಿಮೇಡ್ ತಗೊಳ್ಳಲಾ, ಬಿಡಿಭಾಗ ತರಿಸಿ ನಾನೇ ಜೋಡಿಸ್ಕೊಳ್ಳಲಾ? ನೀನು ಟೂಲ್ ರೂಮಿನವನಲ್ವಾ, ನೀನೇ ಹೇಳು."

ಅಪ್ಪನಿಗೆ ಒಳಗೊಳಗೇ ಖುಷಿ. ಎಷ್ಟೋ ವರ್ಷದ ಮೇಲೆ ಮಗ ತನ್ನ ಕಸುಬಿನ ವಿಷಯ ಕೇಳಿದ್ದಾನೆ. ಆದರೆ ವಸ್ತು ಬಂದೂಕು. ಏನು ಹೇಳೋದು ಅಂತ ಗೊತ್ತಾಗದೆ ನನಗೆ ಬರೆದಿದ್ದಾರೆ. ಹೆಸರು ಹೇಳಬೇಡಿ ಅಂದಿದ್ದಾರೆ. ಹೇಳಲ್ಲ.

ಮೊದಲು ಆ ರೈಫಲ್ ಯಾವುದು ಅಂತ ತಿಳ್ಕೊಳ್ಳಿ. ಸೆಮಿ-ಆಟೊಮ್ಯಾಟಿಕ್. ಅಂದ್ರೆ ಒಂದು ಸಲ ಟ್ರಿಗರ್ ಒತ್ತಿದರೆ ಒಂದೇ ಗುಂಡು. ಆದರೆ ಖಾಲಿ ತೋಟಾ ಹೊರಗೆ ಬಿದ್ದು, ಮುಂದಿನದು ತಾನಾಗೇ ಬಂದು ಕೂರುತ್ತೆ. ಬೆರಳು ಎಷ್ಟು ಬೇಗ ಆಡುತ್ತೋ ಅಷ್ಟು ಬೇಗ ಗುಂಡು. ನಮ್ಮ ಆರ್ಡ್ನೆನ್ಸ್ ಕಾರ್ಖಾನೆಯ .315 ರೈಫಲ್ ಇದೆಯಲ್ಲ, ಅದನ್ನೂ ಸ್ಪೋರ್ಟಿಂಗ್ ರೈಫಲ್ ಅಂತಲೇ ಕರೀತಾರೆ. ಅದರಲ್ಲಿ ಪ್ರತಿ ಗುಂಡಿಗೂ ಬೋಲ್ಟ್ ಅನ್ನು ಕೈಯಿಂದ ಹಿಂದಕ್ಕೆಳೆದು ಮುಂದಕ್ಕೆ ತಳ್ಳಬೇಕು. ಹೆಸರು ಒಂದೇ, ಜಾತಿ ಬೇರೆ. ಅಮೆರಿಕದಲ್ಲಿ ಸ್ಪೋರ್ಟಿಂಗ್ ರೈಫಲ್ ಅಂತ ಮಾರೋದು ಹೆಚ್ಚಾಗಿ ಎಆರ್-15 ಮಾದರಿ. ಎಆರ್ ಅಂದ್ರೆ ಅಸಾಲ್ಟ್ ರೈಫಲ್ ಅಂತ ಟಿವಿಯಲ್ಲಿ ಹಲವರು ಹೇಳ್ತಾರೆ. ಅಲ್ಲ. ಆರ್ಮಲೈಟ್ ಅನ್ನೋದು ಕಂಪನಿಯ ಹೆಸರು, ಅದರ ಮೊದಲೆರಡು ಅಕ್ಷರ.

ಈಗ ಮಗನ ಪ್ರಶ್ನೆಗೆ ಬರೋಣ. ಅಲ್ಲಿ ಜನ ಅದನ್ನು ಕೊಳ್ಳೋದೂ ಉಂಟು, ಜೋಡಿಸೋದೂ ಉಂಟು. ಅಲ್ಲಿನ ಕಾನೂನಿನ ಕಣ್ಣಿಗೆ ಬಂದೂಕು ಅಂದ್ರೆ ರಿಸೀವರ್ ಅನ್ನೋ ಒಂದು ಭಾಗ. ಟ್ರಿಗರ್ ಕೂರೋ ಚೌಕಟ್ಟು. ನಂಬರ್ ಕೆತ್ತೋದು ಅದರ ಮೇಲೇ. ನಳಿಗೆ, ಹಿಡಿ, ಸ್ಪ್ರಿಂಗು ಎಲ್ಲ ಸ್ಪೇರ್ ಪಾರ್ಟ್ ಲೆಕ್ಕ, ಮನೆ ಬಾಗಿಲಿಗೆ ಕೊರಿಯರ್‌ನಲ್ಲಿ ಬರುತ್ತೆ. ಹಾಗಾಗಿ ಹವ್ಯಾಸಿಗಳು ಅಡುಗೆಮನೆ ಟೇಬಲ್ ಮೇಲೇ ಜೋಡಿಸ್ತಾರೆ. ನಾವು ಹಿಂದೆ ಎಸ್‌ಪಿ ರೋಡಿನಿಂದ ಸಾಮಾನು ತಂದು ಕಂಪ್ಯೂಟರ್ ಜೋಡಿಸ್ತಿದ್ವಲ್ಲ, ಹಾಗೆ. ತನಗೆ ಬೇಕಾದ ಹಾಗೆ ಮಾಡ್ಕೊಂಡೆ, ನನ್ನ ಕೈಯಾರೆ ಮಾಡಿದೆ ಅನ್ನೋ ಸಂತೋಷ. ಅದನ್ನು ನಾನು ಅಲ್ಲಗಳೆಯಲ್ಲ. ಟೂಲ್ ರೂಮಿನ ಅಪ್ಪನಿಗೆ ಅದು ಚೆನ್ನಾಗೇ ಅರ್ಥವಾಗುತ್ತೆ.

ಆದರೆ ಸ್ವಾಮಿ, ಕೊಳ್ಳೋದಾ ಜೋಡಿಸೋದಾ ಅನ್ನೋದು ಎರಡನೇ ಪ್ರಶ್ನೆ. ಮೊದಲನೇದನ್ನು ನಿಮ್ಮ ಮಗ ಕೇಳ್ಕೊಂಡೇ ಇಲ್ಲ. ಅವನ ಪಾಸ್‌ಪೋರ್ಟಿನಲ್ಲಿ ಯಾವ ವೀಸಾ ಇದೆ?

ಟೆಕ್ಸಾಸ್ ಅಂದ್ರೆ ಬಂದೂಕಿನ ಸ್ವರ್ಗ ಅಂತ ಸಹೋದ್ಯೋಗಿಗಳು ಹೇಳಿರ್ತಾರೆ. ಅವರು ಅಲ್ಲಿಯ ಪ್ರಜೆಗಳು, ಅವರಿಗೆ ಅದು ಸರಿ. ಆದರೆ ಇದು ರಾಜ್ಯದ ಕಾನೂನಿನ ಮಾತಲ್ಲ, ಇಡೀ ದೇಶದ ಫೆಡರಲ್ ಕಾನೂನು. ನಾನ್-ಇಮ್ಮಿಗ್ರೆಂಟ್ ವೀಸಾದ ಮೇಲೆ ಹೋದವರು ಬಂದೂಕು, ಮದ್ದುಗುಂಡು ಇಟ್ಕೊಳ್ಳೋ ಹಾಗಿಲ್ಲ. ಎಚ್-1ಬಿ ಅದರಲ್ಲಿ ಬರುತ್ತೆ. ಎಲ್-1 ಬರುತ್ತೆ. ಓದೋಕೆ ಹೋದ ಎಫ್-1 ಮಕ್ಕಳು ಬರ್ತಾರೆ. ಮೊಮ್ಮಗು ನೋಡೋಕೆ ಹೋಗೋ ನೀವು ನಾವೂ ಬರ್ತೀವಿ. ಮೀರಿದರೆ 15 ವರ್ಷದವರೆಗೆ ಜೈಲು. 2022ಕ್ಕೆ ಮುಂಚೆ 10 ವರ್ಷ ಇತ್ತು, ಆಮೇಲೆ ಏರಿಸಿದರು.

ಇಟ್ಕೊಳ್ಳೋದು ಅಂದ್ರೆ ಕೊಂಡು ಬೀರುವಿನಲ್ಲಿ ಇಡೋದು ಮಾತ್ರ ಅಂದ್ಕೋಬೇಡಿ. ಶೂಟಿಂಗ್ ರೇಂಜಿನಲ್ಲಿ ಒಂದು ಗಂಟೆಗೆ ಬಾಡಿಗೆಗೆ ಪಡೆದು ಕೈಯಲ್ಲಿ ಹಿಡಿದರೂ ಅದೇ ನಿಯಮ. ನಮ್ಮ ಹುಡುಗರು ರೈಫಲ್ ಹಿಡ್ಕೊಂಡು, ಕೂಲಿಂಗ್ ಗ್ಲಾಸ್ ಹಾಕ್ಕೊಂಡು ಫೋಟೊ ತೆಗೆದು ಇನ್‌ಸ್ಟಾಗ್ರಾಮಿಗೆ ಹಾಕ್ತಾರಲ್ಲ, ನೋಡಿದಾಗೆಲ್ಲ ನನಗೆ ಎದೆ ಧಸಕ್ ಅನ್ನುತ್ತೆ. ತಮ್ಮ ವಿರುದ್ಧ ತಾವೇ ಸಾಕ್ಷಿ ಹೇಳ್ಕೊಂಡ ಹಾಗೆ.

ಒಂದು ಕಿಂಡಿ ಇದೆ, ಮುಚ್ಚಿಡಲ್ಲ. ಅಲ್ಲಿನ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರೋ ಬೇಟೆ ಲೈಸೆನ್ಸ್ ಇದ್ದರೆ ಈ ನಿಷೇಧದಿಂದ ವಿನಾಯಿತಿ ಸಿಗುತ್ತೆ. ಮನುಷ್ಯ ಬೇಟೆಗೆ ಹೋಗಲೇಬೇಕು ಅಂತೇನಿಲ್ಲ, ಲೈಸೆನ್ಸ್ ಇರಬೇಕು. ಬಹಳ ಜನ ಅದನ್ನು ಮಾಡಿಸಿಯೇ ಬಂದೂಕು ಕೊಳ್ತಾರೆ, ಕಾನೂನುಬದ್ಧವಾಗೇ. ಆದರೆ ಲೈಸೆನ್ಸಿಗೆ ಅವಧಿ ಇರುತ್ತೆ. ಇವತ್ತು ರಾತ್ರಿ 12ಕ್ಕೆ ಅದು ಮುಗೀತು ಅಂದ್ರೆ, ಬೀರುವಿನಲ್ಲಿ ಸುಮ್ಮನೆ ಮಲಗಿರೋ ಅದೇ ರೈಫಲ್ ನಾಳೆ ಬೆಳಗ್ಗೆ ಅಪರಾಧ. ಇಲ್ಲಿ ಗಾಡಿಯ ಇನ್ಶೂರೆನ್ಸ್ ಮರೆತರೆ ದಂಡ ಕಟ್ಟಿ ಬರಬಹುದು. ಅಲ್ಲಿ ಇದನ್ನು ಮರೆತರೆ ಗ್ರೀನ್ ಕಾರ್ಡಿನ ಕನಸಿಗೆ ಎಳ್ಳುನೀರು. ಗ್ರೀನ್ ಕಾರ್ಡ್ ಕೈಗೆ ಬಂದವರಿಗೆ ಬಂದೂಕು ಇಟ್ಕೊಳ್ಳೋ ಹಕ್ಕು ಇದೆ, ನಿಜ. ಆದರೆ ಅವರೂ ಬಂದೂಕಿನ ಅಪರಾಧದಲ್ಲಿ ಶಿಕ್ಷೆಯಾದರೆ ಗಡೀಪಾರಿಗೆ ಅದೊಂದೇ ಕಾರಣ ಸಾಕು. ನಮ್ಮವರು ಗ್ರೀನ್ ಕಾರ್ಡಿಗೆ ಎಷ್ಟು ವರ್ಷ ಕಾಯ್ತಾರೆ ಅಂತ ಗರುಡಾಚಾರ್‌ಪಾಳ್ಯದವರಿಗೆ ನಾನು ಹೇಳಬೇಕಾ? ಒಂದೊಂದು ಬೀದಿಗೆ ನಾಲ್ಕು ಮನೆಯಲ್ಲಿ ಆ ಕಾಯುವಿಕೆ ಇದೆ.

ಈಗ ಜೋಡಿಸೋ ವಿಷಯ. ಅಂಗಡಿಯಲ್ಲಿ ಕೊಳ್ಳೋಕೆ ಹೋದರೆ 4473 ಅನ್ನೋ ಫಾರ್ಮ್ ಕೊಡ್ತಾರೆ. ನಾನ್-ಇಮ್ಮಿಗ್ರೆಂಟ್ ವೀಸಾದವರಾ ಅಂತ ಅದರಲ್ಲೇ ನೇರ ಪ್ರಶ್ನೆ. ಆಮೇಲೆ ಹಿನ್ನೆಲೆ ತಪಾಸಣೆ. ಈ ಫಾರ್ಮು ಬೇಡ ಅನ್ನೋರಿಗೆ ಒಂದು ಅಡ್ಡದಾರಿ ಬೆಳೀತು. ಪೂರ್ತಿ ತಯಾರಾಗದ ರಿಸೀವರ್ ಮಾರೋದು, ನಂಬರಿಲ್ಲದ್ದು. ಮನೆಗೆ ಒಯ್ದು ತೂತು ಕೊರೆದು ಮುಗಿಸ್ಕೊಳ್ಳೋದು. ಅದಕ್ಕೆ ಅಲ್ಲಿ ದೆವ್ವದ ಬಂದೂಕು ಅಂತಲೇ ಹೆಸರು. ಯಾಕಂದ್ರೆ ಹಿಂದೆ ಮುಂದೆ ಗೊತ್ತಾಗಲ್ಲ. 2022ರಲ್ಲಿ ಸರ್ಕಾರ ಇಂಥ ಕಿಟ್‌ಗಳಿಗೂ ನಂಬರ್, ತಪಾಸಣೆ ಬೇಕು ಅಂತ ನಿಯಮ ಮಾಡಿತು. 2025ರ ಮಾರ್ಚ್ 26ರಂದು ಅಲ್ಲಿನ ಸುಪ್ರೀಂ ಕೋರ್ಟ್ 7–2 ಬಹುಮತದಿಂದ ಆ ನಿಯಮ ಎತ್ತಿಹಿಡೀತು. ಬಂದೂಕಿನ ಹಕ್ಕನ್ನು ತಲೆ ಮೇಲೆ ಹೊತ್ತುಕೊಳ್ಳೋ ಕೋರ್ಟು ಅದು, ನೆನಪಿರಲಿ.

ನನ್ನ ವಾದ ಇರೋದೇ ಇಲ್ಲಿ. ಕೊಳ್ಳೋದಕ್ಕೂ ಜೋಡಿಸೋದಕ್ಕೂ ಇರೋ ವ್ಯತ್ಯಾಸ ದುಡ್ಡಿನದಲ್ಲ, ಕೈಚಳಕದ್ದಲ್ಲ. ಕಾಗದದ್ದು. ಕೊಂಡರೆ ಈ ನಂಬರಿನ ಬಂದೂಕು ಇಂಥವನ ಕೈಗೆ ಹೋಯ್ತು ಅಂತ ಒಂದು ಕಡೆ ಬರೆದಿರುತ್ತೆ. ಜೋಡಿಸಿದ್ದಕ್ಕೆ ಆ ಬರಹ ಇಲ್ಲದೇ ಹೋಗಬಹುದು. ಬರಹ ಇಲ್ಲದ ಬಂದೂಕು ಏನು ಮಾಡುತ್ತೆ ಅಂತ ತಿಳಿಯೋಕೆ ಅಮೆರಿಕಕ್ಕೆ ಹೋಗಬೇಕಾಗಿಲ್ಲ. 2015ರ ಆಗಸ್ಟ್ 30, ಧಾರವಾಡ, ಎಂ.ಎಂ. ಕಲಬುರ್ಗಿ. 2017ರ ಸೆಪ್ಟೆಂಬರ್ 5, ರಾಜರಾಜೇಶ್ವರಿ ನಗರ, ಗೌರಿ ಲಂಕೇಶ್. ಎರಡೂ ಕಡೆ ಮನೆ ಬಾಗಿಲಲ್ಲಿ ಗುಂಡು. ಎರಡೂ ಕಡೆ ಹಾರಿದ್ದು ಒಂದೇ 7.65 ಎಂಎಂ ನಾಡ ಪಿಸ್ತೂಲಿನಿಂದ ಅಂತ ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಹೇಳಿತು. ಅದು ರೈಫಲ್ ಅಲ್ಲ, ಪಿಸ್ತೂಲು, ಒಪ್ಕೊಳ್ತೀನಿ. ಆದರೆ ಯಾರೋ ಎಲ್ಲೋ ಕೈಯಾರೆ ಮಾಡಿದ್ದು. ಬಂದೂಕಿನಿಂದ ಕೈಯನ್ನು ಹುಡುಕೋಕೆ ದಾರಿಯೇ ಇರಲಿಲ್ಲ. ಸಿಕ್ಕ ತೋಟಾದ ಮೇಲಿನ ಗೀರುಗಳನ್ನು ಹೋಲಿಸಿ ನೋಡಬೇಕಾಯ್ತು.

ಹಾಗಂತ ಕೊಂಡ ಬಂದೂಕೆಲ್ಲ ಸಾಧು ಅಂತಲ್ಲ. ಅದೇ ಟೆಕ್ಸಾಸ್, ಉವಾಲ್ಡೆ ಅನ್ನೋ ಊರು, 2022ರ ಮೇ 24. ಪ್ರಾಥಮಿಕ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಟೀಚರುಗಳು. ಕೊಂದವನಿಗೆ 18 ವರ್ಷ. ರೈಫಲ್ ಎಆರ್ ಮಾದರಿಯದು, ಕಾನೂನುಬದ್ಧವಾಗಿ ಕೊಂಡದ್ದು. ಅಲ್ಲಿ ಅದೇ ಮಾದರಿ ಇಟ್ಕೊಂಡು ಗುರಿ ಅಭ್ಯಾಸ ಮಾಡೋ, ಹೊಲ ಹಾಳು ಮಾಡೋ ಹಂದಿ ಹೊಡೆಯೋ, ಯಾರ ತಂಟೆಗೂ ಹೋಗದ ಜನ ಲಕ್ಷಾಂತರ. ಎರಡೂ ನಿಜ. ಪಕ್ಕದ ಮನೆಯವನು ಯಾವುದಕ್ಕೆ ಸೇರಿದವನು ಅಂತ ಮೊದಲೇ ಗೊತ್ತಾಗಲ್ಲ, ಅದೇ ಕಷ್ಟ.

ನಮ್ಮ ದೇಶಕ್ಕೆ ಬನ್ನಿ. "ಸರ್, ಇಲ್ಲೇ ಒಂದು ಮಾಡ್ಕೊಂಡ್ರೆ?" ಅಂತ ಕೇಳೋರೂ ಇದಾರೆ. ಮಹದೇವಪುರದ ಕೈಗಾರಿಕಾ ಪ್ರದೇಶ ಪಕ್ಕದಲ್ಲೇ. ಲೇತ್ ಇದೆ, ಸಿಎನ್‌ಸಿ ಇದೆ, ಡ್ರಾಯಿಂಗ್ ಕೊಟ್ಟರೆ ಸಂಜೆಗೆ ಪೀಸ್ ಕೊಡೋ ನಿಸ್ಸೀಮರು ಇದಾರೆ. ಆ ವರ್ಕ್‌ಶಾಪಿನವರಿಗೆ ಇವತ್ತು ಮುಖ್ಯವಾಗಿ ಹೇಳ್ತಿದೀನಿ, ಕೇಳಿಸ್ಕೊಳ್ಳಿ. 1959ರ ಆಯುಧ ಕಾಯ್ದೆಯಲ್ಲಿ ಆಯುಧ ಅಂದ್ರೆ ಪೂರ್ತಿ ಬಂದೂಕು ಮಾತ್ರ ಅಲ್ಲ. ಅದರ ಬಿಡಿಭಾಗವೂ ಆಯುಧ. ಅದನ್ನು ತಯಾರಿಸೋ ಯಂತ್ರವೂ ಆಯುಧ. "ಯಾರೋ ಡ್ರಾಯಿಂಗ್ ಕೊಟ್ರು, ನಾನು ಬರೀ ಕೊಳವೆ ತಿರುಗಿಸಿ ಕೊಟ್ಟೆ" ಅಂದ್ರೆ ನಡೆಯಲ್ಲ. ಲೈಸೆನ್ಸ್ ಇಲ್ಲದೆ ತಯಾರಿಸಿದರೆ ಕನಿಷ್ಠ 7 ವರ್ಷ, ಜೀವಾವಧಿವರೆಗೂ ಹೋಗಬಹುದು. ನಿಷೇಧಿತ ವರ್ಗದ ಆಯುಧವಾದರೆ ಕನಿಷ್ಠವೇ 10 ವರ್ಷ. 2019ರ ತಿದ್ದುಪಡಿ ಆದ ಮೇಲಿನ ಲೆಕ್ಕ ಇದು. ವ್ಯಾಪಾರಕ್ಕೆ ಅಂತ ಬಂದೂಕು ರಿಪೇರಿ ಮಾಡೋಕೂ ಇಲ್ಲಿ ಲೈಸೆನ್ಸ್ ಬೇಕು. ಇನ್ನು ಮಗ ಅಲ್ಲಿ ಕೇಳ್ತಿರೋ ಜಾತಿಯ ಸೆಮಿ-ಆಟೊಮ್ಯಾಟಿಕ್ ರೈಫಲ್ಲು ನಮ್ಮ ನಿಮ್ಮಂಥವರಿಗೆ ಪೊಲೀಸ್ ಕಮಿಷನರ್ ಕಚೇರಿಗೆ ಅರ್ಜಿ ಹಾಕಿ ಪಡೆಯೋ ಪಟ್ಟಿಯಲ್ಲೇ ಇಲ್ಲ.

ಅವರಿಗೆ ಅದು ಮೂಲಭೂತ ಹಕ್ಕು, ಅವರ ಸಂವಿಧಾನದ ಎರಡನೇ ತಿದ್ದುಪಡಿ. ನಮ್ಮ ಸಂವಿಧಾನದಲ್ಲಿ ಅಂಥ ಹಕ್ಕಿಲ್ಲ. 2023ರ ಫೆಬ್ರವರಿಯಲ್ಲಿ ನಮ್ಮ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೆ.ಎಂ. ಜೋಸೆಫ್ ಮತ್ತು ನಮ್ಮವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರ ಪೀಠ, ಲೈಸೆನ್ಸ್ ಇಲ್ಲದ ಬಂದೂಕುಗಳ ಹಾವಳಿ ಬಗ್ಗೆ ತಾನಾಗೇ ಗಮನ ತಗೊಂಡಾಗ ಇದೇ ವ್ಯತ್ಯಾಸ ಎತ್ತಿ ಹೇಳಿತು.

"ಹಾಗಾದ್ರೆ ಕೊಡಗಿನವರಿಗೆ?" ಈ ಪ್ರಶ್ನೆ ಬಂದೇ ಬರುತ್ತೆ. ಬರಲಿ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಕೋವಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಿಂದ ಬಂದದ್ದು. ಅದೇ ಕಬ್ಬನ್, ಕಬ್ಬನ್ ಪಾರ್ಕಿನ ಕಬ್ಬನ್. 2019ರಲ್ಲಿ ಕೇಂದ್ರ ಸರ್ಕಾರ 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು. ಒಂದು ಸಮುದಾಯಕ್ಕೆ ಯಾಕೆ ಅಂತ ಪ್ರಶ್ನಿಸಿದಾಗ 2021ರ ಸೆಪ್ಟೆಂಬರಿನಲ್ಲಿ ನಮ್ಮ ಹೈಕೋರ್ಟು ವಿನಾಯಿತಿ ಸರಿ ಅಂತ ಎತ್ತಿಹಿಡೀತು. ಗಮನಿಸಿ, ಅದು ಪಿಸ್ತೂಲು ರಿವಾಲ್ವರಿಗೆ ಇಲ್ಲ. ನಿಷೇಧಿತ ಆಯುಧಕ್ಕಂತೂ ಇಲ್ಲವೇ ಇಲ್ಲ. ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಕೈಲ್‌ಪೊಳ್ದಿನಲ್ಲಿ ಕೋವಿಗೆ ತೋಕ್ ಪೂ ಮುಡಿಸಿ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುರಿ. ಐನ್‌ಮನೆಯ ಕೋವಿ ಯಾರದು ಅಂತ ಊರಿಗೆಲ್ಲ ಗೊತ್ತು. ಊರಿಗೆ ಗೊತ್ತಿರೋದೂ ಒಂದು ಬಗೆಯ ರಿಜಿಸ್ಟರೇ. ಅಡುಗೆಮನೆ ಟೇಬಲ್ ಮೇಲೆ ಜೋಡಿಸಿ ಯಾರಿಗೂ ಹೇಳದ ರೈಫಲ್ಲಿಗೂ ಅದಕ್ಕೂ ಎಲ್ಲಿಂದೆಲ್ಲಿಗೆ?

ಆದ್ದರಿಂದ ಐಟಿಐ ಯಜಮಾನರೇ, ನಿಮ್ಮ ಮಗನಿಗೆ ಹೀಗೆ ಹೇಳಿ: ಎಚ್-1ಬಿ ಇರೋವರೆಗೆ ಕೊಳ್ಳೋದೂ ಬೇಡ, ಜೋಡಿಸೋದೂ ಬೇಡ. ಶನಿವಾರದ ಶೂಟಿಂಗಿಗೆ ಕರೆದರೆ ವಕೀಲರನ್ನು ಕೇಳದೆ ಹೋಗಬೇಡ. ಮುಂದೆ ಗ್ರೀನ್ ಕಾರ್ಡ್ ಬಂದು, ಹೆಂಡತಿ ಒಪ್ಪಿ, ಮನೆಯಲ್ಲಿ ಬೀಗ ಹಾಕೋ ಲಾಕರ್ ಇಟ್ಟು, ಆಗಲೂ ಆಸೆ ಇದ್ದರೆ ಅಂಗಡಿಗೆ ಹೋಗಿ ಫಾರ್ಮ್ ತುಂಬಿ ಕೊಂಡುಕೋ. ಕೈಚಳಕ ತೋರಿಸೋಕೆ ಗಡಿಯಾರ ಬಿಚ್ಚಿ ಜೋಡಿಸು, ಸೈಕಲ್ ಜೋಡಿಸು. ಅಪ್ಪ ವಿಡಿಯೊ ಕಾಲ್‌ನಲ್ಲೇ ಕಲಿಸ್ಕೊಡ್ತಾರೆ.

ಇನ್ನೊಂದು ಮಾತು, ಪಾಳ್ಯದ ಹಳಬರಿಗೆ. ಈಗ ಮೆಟ್ರೊ ನಿಲ್ದಾಣ ಬಂದಿರೋ ಈ ಕಡೆಯೆಲ್ಲ ಒಂದು ಕಾಲಕ್ಕೆ ರಾಗಿ ಹೊಲ. ತಾತನ ಹೆಸರಿನಲ್ಲಿ ಬೆಳೆ ಕಾಯೋಕೆ ಅಂತ ಲೈಸೆನ್ಸ್ ಮಾಡಿಸಿದ ಕೋವಿ ಕೆಲವು ಮನೆಗಳ ಅಟ್ಟದಲ್ಲಿ ಇನ್ನೂ ಇರಬಹುದು. ಹೊಲ ಸೈಟಾಗಿ, ಸೈಟು ಅಪಾರ್ಟ್‌ಮೆಂಟಾಗಿ, ತಾತ ಹೋಗಿ ಎಷ್ಟೋ ವರ್ಷ ಆಗಿರುತ್ತೆ. ಲೈಸೆನ್ಸ್ ತಾತನದು, ನಿಮ್ಮದಲ್ಲ. ಹಿರಿಯರ ಆಸ್ತಿ ಅಂತ ಒರೆಸಿ ಎಣ್ಣೆ ಹಚ್ಚಿ ಇಟ್ಕೊಳ್ಳೋ ಹಾಗಿಲ್ಲ. ಹತ್ತಿರದ ಠಾಣೆಯಲ್ಲೋ ಲೈಸೆನ್ಸ್ ಇರೋ ಡೀಲರ್ ಹತ್ತಿರವೋ ಜಮಾ ಮಾಡಿ ರಸೀದಿ ತಗೊಳ್ಳಿ. ಆಮೇಲೆ ಬೇಕು ಅನ್ಸಿದರೆ ವಾರಸುದಾರರಾಗಿ ನಿಮ್ಮ ಹೆಸರಿಗೆ ಅರ್ಜಿ ಹಾಕಿ, ಬೇಡ ಅನ್ಸಿದರೆ ಮಾರೋಕೆ ಅದೇ ಡೀಲರನ್ನು ಕೇಳಿ. ಬೆಳಗ್ಗೆ ಅಟ್ಟ ಹತ್ತಿ ಒಂದು ಸಲ ನೋಡಿ.