ಮೇಜಿನ ಮೇಲಿಟ್ಟ ವರದಿ



ಹೆಗ್ಗದ್ದೆಯ ಕಾಫಿತೋಟದ ಲೈನುಮನೆಗೂ ದಿಲ್ಲಿಗೂ ಬಹಳ ದೂರ ಅಂತೀವಿ. ಆದರೆ ಲೋಕಸಭೆಯ ಒಂದು ಮಾಮೂಲಿ ದಿನ ನೋಡಿ. 11 ಗಂಟೆಗೆ ಪ್ರಶ್ನೋತ್ತರ. ಚುಕ್ಕೆ ಗುರುತಿನ ಪ್ರಶ್ನೆ ಬಂದರೆ ಮಂತ್ರಿ ಎದ್ದುನಿಂತು ಉತ್ತರಿಸಬೇಕು. 12ಕ್ಕೆ ಕಾಗದಪತ್ರಗಳ ಮಂಡನೆ. ಸಂವಿಧಾನದ 338ನೇ ವಿಧಿಯಂತೆ ಪರಿಶಿಷ್ಟ ಜಾತಿಗಳ ಆಯೋಗ ಬರೆದ ನಮ್ಮ ನೋವಿನ ವರದಿಯೂ ಹೀಗೇ ಮೇಜಿಗೆ ಬರುತ್ತೆ. ಮಂತ್ರಿ ಒಂದು ಮಾತು ಹೇಳಿ ಕೂರ್ತಾರೆ. ಕೇಳೋರಿಲ್ಲದಿದ್ದರೆ ವರದಿ ಅಲ್ಲೇ ಮಲಗುತ್ತೆ.

ಸಭೆ ನಡೆಯೋಕೆ ಹತ್ತನೇ ಒಂದು ಪಾಲು, ಅಂದರೆ 55 ಸದಸ್ಯರು ಸಾಕು. ನಮಗೆ ಮೀಸಲಾದ ಸ್ಥಾನ 84. ಅವರಷ್ಟೇ ಕೂತರೂ ಕೋರಂ ತುಂಬಿ ಮಿಗುತ್ತೆ! ಅವರ ಬಾಯಿ ತೆರೆಸೋದು ನಮ್ಮ ಕೆಲಸ.

ಪ್ರಶ್ನೆಗೆ 15 ದಿನ ಮುಂಚೆ ನೋಟಿಸು ಬೇಕು. ಸ್ಕಾಲರ್‌ಶಿಪ್ ಯಾಕೆ ತಡ ಅಂತ ಸಭೆಯಲ್ಲಿ ಕೇಳಿ ಎಂದು ನಮ್ಮ ಹಾಸನದ ಎಂಪಿಗೆ ಇವತ್ತು ರಾತ್ರಿಯೇ, ಹಾಸ್ಟೆಲ್ಲಿನಲ್ಲಿ ಕೂತು ಕಾಗದ ಬರೆಯೋಣ.