ತೊಟ್ಟಿಯೊಳಗೆ ಬಗ್ಗಿ ನೋಡಿದವರು



1883ರಲ್ಲಿ ರೊನಾಲ್ಡ್ ರಾಸ್ ಎಂಬ ಯುವ ಸೇನಾವೈದ್ಯರು ಬೆಂಗಳೂರಿನ ದಂಡಿಗೆ ಬಂದರು. ಅವರ ಬಂಗಲೆಯಲ್ಲಿ ಸೊಳ್ಳೆಯ ಕಾಟ ವಿಪರೀತ. ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯೊಳಗೆ ಬಗ್ಗಿ ನೋಡಿದರೆ ಮರಿಹುಳುಗಳು ಮಿಜಿಗುಡುತ್ತಿದ್ದವು. ತೊಟ್ಟಿಯನ್ನು ಮಗುಚಿದ ಮೇಲೆ ಕಾಟ ತಗ್ಗಿತು. ಮೆಸ್ಸಿನ ತೊಟ್ಟಿಗಳನ್ನೂ ಹೀಗೆಯೇ ಬರಿದು ಮಾಡೋಣವೆಂದಾಗ ದಳದ ಅಧಿಕಾರಿ ಒಪ್ಪಲಿಲ್ಲ. ಸೊಳ್ಳೆ ಯಾವುದೋ ಉದ್ದೇಶಕ್ಕಾಗಿಯೇ ಸೃಷ್ಟಿಯಾಗಿದೆ, ಅದನ್ನು ಸಹಿಸಿಕೊಳ್ಳುವುದು ನಮ್ಮ ಕರ್ತವ್ಯ ಎಂಬುದು ಆತನ ವಾದ. ರಾಸ್ ತಮ್ಮ ನೆನಪುಗಳಲ್ಲಿ ಇದನ್ನು ದಾಖಲಿಸಿದ್ದಾರೆ.

ಆ ಅಧಿಕಾರಿಯ ಮಾತು ಭಕ್ತಿಯಂತೆ ಕೇಳಿಸುತ್ತದೆ. ಇಂದಿಗೂ ಕೇಳಿಸುತ್ತಲೇ ಇದೆ. ತಡೆಯಬಹುದಾಗಿದ್ದ ಜ್ವರಕ್ಕೆ ಮಗುವನ್ನು ಕಳೆದುಕೊಂಡ ತಾಯಿಗೆ ದೇವರ ಇಚ್ಛೆ ಎಂದು ಹೇಳಿ ಹೊರಟುಬಿಡುವವರು ಚರ್ಚಿನಲ್ಲೂ ಇದ್ದಾರೆ, ಆಸ್ಪತ್ರೆಯಲ್ಲೂ ಇದ್ದಾರೆ. ದೇವರ ಹೆಸರೆತ್ತಿ ನೋಡುವುದನ್ನೇ ನಿಲ್ಲಿಸಿಬಿಡುವ ಈ ಅಭ್ಯಾಸಕ್ಕೂ ಸುವಾರ್ತೆಗಳಿಗೂ ಹೊಂದಿಕೆಯಾಗುವುದಿಲ್ಲ. ಎಮ್ಮಾಹುವಿನ ದಾರಿಯಲ್ಲಿ ಇಬ್ಬರು ಶಿಷ್ಯರು ಎದ್ದುಬಂದ ಕ್ರಿಸ್ತನ ಜೊತೆಯಲ್ಲೇ ನಡೆದರು, ಧರ್ಮಶಾಸ್ತ್ರವನ್ನೇ ಮಾತಾಡಿದರು, ಆದರೂ ಯಾರೆಂದು ತಿಳಿಯಲಿಲ್ಲ. ಊಟಕ್ಕೆ ಕೂತು ಆತ ರೊಟ್ಟಿ ಮುರಿದಾಗ ಗುರುತು ಸಿಕ್ಕಿತು ಎನ್ನುತ್ತಾನೆ ಲೂಕ. ಮತ್ತಾಯನ 25ನೆಯ ಅಧ್ಯಾಯದಲ್ಲಂತೂ ಹಸಿದವನಲ್ಲಿ, ರೋಗಿಯಲ್ಲಿ, ಸೆರೆಯಲ್ಲಿದ್ದವನಲ್ಲಿ ತಾನಿದ್ದೆನೆಂದು ಕ್ರಿಸ್ತನೇ ಹೇಳುತ್ತಾನೆ. ಕೇಳಿದ ಎರಡೂ ಗುಂಪಿನವರಿಗೆ ಆಶ್ಚರ್ಯ. ಸೇವೆ ಮಾಡಿದವರಿಗೂ ಅದು ಯಾರ ಸೇವೆಯೆಂದು ಗೊತ್ತಿರಲಿಲ್ಲ.

ರಾಸ್ ಅವರ ಮುಂದಿನ ಕಥೆ ನಡೆದದ್ದು ನಮ್ಮ ಇದೇ ಹೈದರಾಬಾದಿನಲ್ಲಿ. 1897ರ ಆಗಸ್ಟ್ ತಿಂಗಳ ಸೆಕೆ. ಬೇಗಂಪೇಟೆಯ ಆಸ್ಪತ್ರೆಯಲ್ಲಿ ಪಂಕ ಬೀಸುವ ಹಾಗಿಲ್ಲ, ಗಾಳಿಗೆ ಕೊಯ್ದಿಟ್ಟ ಸೊಳ್ಳೆಗಳು ಹಾರಿಹೋಗುತ್ತವೆ. ಬೆವರಿಗೆ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವು, ಉಳಿದಿದ್ದ ಒಂದೇ ಒಂದು ಕಣ್ಣುಮಸೂರವೂ ಬಿರುಕುಬಿಟ್ಟಿತ್ತು. ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿ ಕಚ್ಚಿಸಿಕೊಂಡ ಒಂದೊಂದು ಸೊಳ್ಳೆಗೂ ಒಂದೊಂದು ಆಣೆ ಪಡೆದ. ಆಗಸ್ಟ್ 20ರಂದು ಅಂಥ ಒಂದು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಕಪ್ಪು ಕಣಗಳಿದ್ದ ಕೋಶಗಳು ಕಂಡವು; ಮಲೇರಿಯಾದ ರೋಗಾಣು ಸೊಳ್ಳೆಯೊಳಗೆ ಬೆಳೆಯುತ್ತಿರುವುದಕ್ಕೆ ಸಾಕ್ಷಿ ಸಿಕ್ಕಿತು. 1902ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ರಾಸ್ ಪಾದ್ರಿಯಲ್ಲ, ಧರ್ಮಬೋಧಕರೂ ಅಲ್ಲ. ಆದರೂ ಆ ಶೋಧದ ಬೆನ್ನಿಗೇ ಬರೆದ ಪದ್ಯದಲ್ಲಿ, ತಮಗೆ ಕಂಡದ್ದು ದೇವರು ಕೊಟ್ಟದ್ದು ಎಂದು ಕೃತಜ್ಞತೆ ಸಲ್ಲಿಸಿದರು. ಆ ಕೃತಜ್ಞತೆಯಲ್ಲಿ ಹುಸೇನ್ ಖಾನನಿಗೂ ಪಾಲು ಸಲ್ಲಬೇಕು. ಜ್ವರದ ಮೈಯನ್ನು ಸೊಳ್ಳೆಗೆ ಒಡ್ಡಿ ಆಣೆ ಎಣಿಸಿಕೊಂಡವನು ಮತ್ತಾಯ ಬರೆದ ಆ ರೋಗಿಗಳ ಸಾಲಿನವನೇ.

ಈ ಊರು ಆಗ ಸೇರಿದ್ದ ನಿಜಾಮರ ರಾಜ್ಯಕ್ಕೆ 1907ರಲ್ಲಿ ಸ್ಕಾಟ್ಲೆಂಡಿನವರಾದ ಇಸಬೆಲ್ ಕೆರ್ ಎಂಬ ವೈದ್ಯೆ ಬಂದರು. ಪತಿ ಜಾರ್ಜ್ ಮೆಥೊಡಿಸ್ಟ್ ಸಭೆಯ ಪಾದ್ರಿ. ಬೀದರ್, ಕಲಬುರಗಿ, ರಾಯಚೂರು ಕೂಡ ಆಗ ಈ ರಾಜ್ಯದಲ್ಲೇ ಇದ್ದವು; ಅಲ್ಲಿಂದ ಈ ಕಾಲೇಜಿಗೆ ಓದಲು ಬಂದವರಿಗೆ ಇದು ತಮ್ಮದೇ ಹಿರಿಯರ ಕಾಲದ ಮಾತು. ಕುಷ್ಠ ತಗುಲಿದವರನ್ನು ಮನೆಯೂ ಊರೂ ಹೊರಗಿಡುತ್ತಿದ್ದ ಕಾಲ. ಕೆರ್ ದಂಪತಿ ನಿಜಾಮಾಬಾದ್ ಬಳಿಯ ದಿಚ್‌ಪಲ್ಲಿಯಲ್ಲಿ ಅವರಿಗಾಗಿ ಆಸ್ಪತ್ರೆ ಕಟ್ಟಿದರು. ಅದಕ್ಕೆ ದೊಡ್ಡ ಮೊತ್ತ ಕೊಟ್ಟವರು ನರಸಾ ಗೌಡ್ ಎಂಬ ಹಿಂದೂ ಶ್ರೀಮಂತರು. ದೇವರ ಕೆಲಸಕ್ಕೆ ಕೈಜೋಡಿಸುವವರು ಒಂದೇ ಸಭೆಯ ದಾಖಲೆಯಲ್ಲಿ ಹೆಸರಿದ್ದವರಾಗಬೇಕಿಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಚಿಕಿತ್ಸೆ ಸುಲಭದ್ದಾಗಿರಲಿಲ್ಲ. ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಚಾಲ್ಮೂಗ್ರ ಜಾತಿಯ ಮರದ ಬೀಜದಿಂದ ತೆಗೆದ ಎಣ್ಣೆಯನ್ನು ಸೂಜಿಮದ್ದಾಗಿ ಮತ್ತೆ ಮತ್ತೆ ಚುಚ್ಚಬೇಕು, ನೋವು ಹೆಚ್ಚು. ಆ ಎಣ್ಣೆಯ ಗುಣಕ್ಕೂ ಮಿತಿಯಿತ್ತು, 1940ರ ದಶಕದಲ್ಲಿ ಸಲ್ಫೋನ್ ಔಷಧಿಗಳು ಬಂದ ಮೇಲೆ ಅದರ ಬಳಕೆ ಹಿಂದೆ ಸರಿಯಿತು. ಆದರೆ ಸೂಜಿ ಚುಚ್ಚಬೇಕಾದರೆ ರೋಗಿಯ ತೋಳು ಹಿಡಿಯಲೇಬೇಕು. ಯಾರೂ ಮುಟ್ಟದ ಮೈಯನ್ನು ಒಬ್ಬ ವೈದ್ಯೆ ವರ್ಷಗಟ್ಟಲೆ ಮುಟ್ಟಿದರು. ಕುಷ್ಠರೋಗಿಯನ್ನು ಗುಣಪಡಿಸುವಾಗ ಯೇಸು ಕೈಚಾಚಿ ಮುಟ್ಟಿದನೆಂದು ಮಾರ್ಕ ವಿಶೇಷವಾಗಿ ಬರೆದಿದ್ದಾನಲ್ಲ, ಅದನ್ನು ದಿಚ್‌ಪಲ್ಲಿಯ ರೋಗಿಗಳಿಗೆ ಯಾರೂ ವಿವರಿಸಬೇಕಿರಲಿಲ್ಲ. ಇಸಬೆಲ್ 1932ರಲ್ಲಿ ತೀರಿಕೊಂಡರು.

ಮೇದಕ್‌ನ ಕ್ಯಾಥೆಡ್ರಲ್ ನೋಡಿದವರು ಇಲ್ಲಿ ಬಹಳ ಮಂದಿ ಇರಬಹುದು. 1924ರ ಕ್ರಿಸ್‌ಮಸ್ ದಿನ ಪ್ರತಿಷ್ಠೆಯಾದ ಆ ಚರ್ಚನ್ನು ಚಾರ್ಲ್ಸ್ ವಾಕರ್ ಪಾಸ್ನೆಟ್ ಅವರು ಬರಗಾಲದಲ್ಲಿ ಹಸಿದವರಿಗೆ ಕೆಲಸ ಕೊಟ್ಟು ಕಟ್ಟಿಸಿದರು. ಬಣ್ಣದ ಗಾಜಿನ ಕಿಟಕಿಗಳ ಸೊಬಗು ದೊಡ್ಡದೇ. ಕೂಲಿಕಾರರು ಅಂದು ಉಂಡ ಅನ್ನ ಅದಕ್ಕಿಂತ ಚಿಕ್ಕದೇನಲ್ಲ.

ಹೀಗೆ ಎದುರಿನವರಲ್ಲಿ ದೇವರನ್ನು ಕಾಣುವ ಕಣ್ಣು ತಾನಾಗಿ ಬರುವುದಿಲ್ಲ, ರೂಢಿ ಮಾಡಿಕೊಳ್ಳಬೇಕು. ಸ್ಪೇನಿನ ಸೈನಿಕನಾಗಿದ್ದು ಸಂತನಾದ ಇಗ್ನೇಷಿಯಸ್ ಲೊಯೋಲ, 1548ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಅದಕ್ಕೊಂದು ಕ್ರಮ ಹೇಳಿದ್ದಾನೆ. ಆತ ಕಟ್ಟಿದ ಯೇಸುಸಭೆಯವರು ಅದನ್ನು ದಿನಕ್ಕೆ ಎರಡು ಸಲ ಇಂದಿಗೂ ಮಾಡುತ್ತಾರೆ. ಮೊದಲು ಸಿಕ್ಕಿದ್ದಕ್ಕೆ ಕೃತಜ್ಞತೆ. ಆಮೇಲೆ ಬೆಳಕಿಗಾಗಿ ಬೇಡಿ, ದಿನವನ್ನು ಗಂಟೆಗಂಟೆಯಾಗಿ ಹಿಂತಿರುಗಿ ನೋಡುವುದು: ಯಾರು ಎದುರಾದರು, ಯಾರನ್ನು ನೋಡಿಯೂ ನೋಡದಂತೆ ದಾಟಿಹೋದೆ? ತಪ್ಪಿದ್ದಕ್ಕೆ ಕ್ಷಮೆ ಕೇಳಿ, ಮುಂದಿನ ಹೊತ್ತಿಗೆ ತಿದ್ದಿಕೊಳ್ಳುವ ನಿರ್ಧಾರ.

ಇಂದು ಪದವಿ ಪಡೆದು ಇಲ್ಲಿಂದ ಹೊರಡುವವರಲ್ಲಿ ಕೆಲವರು ಗಾಂಧಿ ಆಸ್ಪತ್ರೆಯ ವಾರ್ಡುಗಳಿಗೆ ಹೋಗಬಹುದು, ಕೆಲವರು ಹೈಟೆಕ್ ಸಿಟಿಯ ರಾತ್ರಿ ಪಾಳಿಗೆ, ಇನ್ನು ಕೆಲವರು ಬೀದರಿನ ಶಾಲೆಗಳಿಗೆ. ಈ ಆತ್ಮಪರೀಕ್ಷೆಗೆ ಯಾರಿಗೂ ಪ್ರತ್ಯೇಕ ಕೋಣೆ ಬೇಡ, ಕಾಲು ಗಂಟೆ ಸಾಕು. ಮಿಯಾಪುರದಿಂದ ಎಲ್.ಬಿ. ನಗರಕ್ಕೆ ಹೋಗುವ ಮೆಟ್ರೊದಲ್ಲಿ ಕೂತವರಿಗೆ ಅಷ್ಟು ಹೊತ್ತು ಹೇಗೂ ಸಿಗುತ್ತದೆ.