ಇಂಗ್ಲಿಷ್ ಬಾರದವನಿಗೆ ಪ್ರೋಗ್ರಾಮಿಂಗ್ ಬರುವುದೇ?

(ಶಿವಮೊಗ್ಗದಲ್ಲಿ ನಡೆದ ಯುವಕ ಯುವತಿಯರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಕಂಪ್ಯೂಟರ್ ಪ್ರೋಗ್ರಾಮಿಂಗ್ ಕುರಿತು ಮಾತಾಡಿ ಎಂದು ನನ್ನನ್ನು ಕರೆದಿದ್ದಾರೆ. ಭಾಷಣ ಬಿಗಿಯುವುದಕ್ಕಿಂತ ನಿಮ್ಮ ಪ್ರಶ್ನೆಗಳಿಗೆ ಉತ್ತರ ಹೇಳುವುದೇ ಮೇಲು ಅನ್ನಿಸಿತು. ಅದಕ್ಕೇ ಚೀಟಿಯಲ್ಲಿ ಬರೆದು ಕೊಡಿ, ಹೆಸರು ಹಾಕಬೇಡಿ ಎಂದು ಮೊದಲೇ ಕೇಳಿಕೊಂಡಿದ್ದೆ. ಹೆಸರು ಬೇಡ ಅಂದದ್ದು ಒಳ್ಳೆಯದೇ ಆಯಿತು. ತರಗತಿಯಲ್ಲಿ ಎದ್ದು ನಿಂತು ಕೇಳಲಾಗದ ಪ್ರಶ್ನೆಗಳೆಲ್ಲ ಹೊರಬಂದಿವೆ. ಅರ್ಧಕ್ಕಿಂತ ಹೆಚ್ಚು ಚೀಟಿಗಳಲ್ಲಿ ಇರುವುದು ಒಂದೇ ಪ್ರಶ್ನೆ: "ಸಾರ್, ನಾನು ಎಸ್ಸೆಸ್ಸೆಲ್ಸಿಯವರೆಗೆ ಕನ್ನಡ ಮಾಧ್ಯಮ. ಇಂಗ್ಲಿಷ್ ಸರಿಯಾಗಿ ಬರುವುದಿಲ್ಲ. ನನಗೆ ಪ್ರೋಗ್ರಾಮಿಂಗ್ ಬರುತ್ತದೆಯೇ?"

ಬರುತ್ತದೆ!

ಈ ಪ್ರಶ್ನೆ ನಿಮ್ಮ ತಲೆಯೊಳಗೆ ತಾನಾಗಿ ಹುಟ್ಟಿದ್ದಲ್ಲ. ಯಾರೋ ಬಿತ್ತಿದ್ದು. ಕಂಪ್ಯೂಟರ್ ಕಲಿಸುವ ಒಂದು ಕಡೆ ಮೊದಲ ದಿನವೇ ಹುಡುಗರನ್ನು ಎರಡು ಸಾಲು ಮಾಡಿ ಕೂರಿಸಿದ್ದನ್ನು ನಾನೇ ನೋಡಿದ್ದೇನೆ. ಇಂಗ್ಲಿಷ್ ಮಾಧ್ಯಮದವರು ಮುಂದೆ, ಕನ್ನಡ ಮಾಧ್ಯಮದವರು ಹಿಂದೆ. ಹಿಂದಿನ ಸಾಲಿನವರಿಗೆ ಟೈಪಿಂಗ್, ಮುಂದಿನವರಿಗೆ ಪ್ರೋಗ್ರಾಮಿಂಗ್. ಕಲಿಯುವ ಮೊದಲೇ ತೀರ್ಪು! ಜಾತಿ ಪಂಕ್ತಿಯನ್ನು ಎತ್ತಿಹಾಕಿದೆವು ಎಂದು ಬೀಗುತ್ತೇವೆ, ಇದು ಯಾವ ಪಂಕ್ತಿ ಸ್ವಾಮಿ?

ಲೆಕ್ಕ ಹಾಕಿ ನೋಡೋಣ. ನಮ್ಮ ಕಾಲೇಜುಗಳಲ್ಲಿ ಕಲಿಸುವ ಸಿ ಭಾಷೆ ಇದೆಯಲ್ಲ, 1989ರಲ್ಲಿ ಅದಕ್ಕೆ ಪ್ರಮಾಣಿತ ರೂಪ ಕೊಟ್ಟಾಗ ಅದರಲ್ಲಿದ್ದ ಮೀಸಲು ಪದಗಳು 32. ಇಂದಿನ ಪೈಥಾನಿನಲ್ಲಿ 35. ಇಫ್, ಎಲ್ಸ್, ಫಾರ್, ವೈಲ್, ರಿಟರ್ನ್... ಇಂಥವು. ಇಷ್ಟು ಪದ ಕಲಿಯಲು ಇಂಗ್ಲಿಷ್ ಸಾಹಿತ್ಯ ಓದಿರಬೇಕೆ? ಕ್ರಿಕೆಟ್ ನೋಡುವ ನಮ್ಮ ಹುಡುಗರಿಗೆ ಇದಕ್ಕಿಂತ ಹೆಚ್ಚು ಇಂಗ್ಲಿಷ್ ಪದ ಗೊತ್ತು. ಸಿಲ್ಲಿ ಪಾಯಿಂಟ್ ಎಲ್ಲಿದೆ ಎಂದು ತಿಳಿದವನಿಗೆ ಇಫ್ ಕಷ್ಟವೇ?

ಉಳಿದದ್ದೆಲ್ಲ ಯೋಚನೆ. ಯೋಚನೆಗೆ ಮಾಧ್ಯಮ ನಿಮ್ಮ ಮನೆಮಾತೇ. ನಮ್ಮ ಅಡಿಕೆ ಮಾರುಕಟ್ಟೆಯನ್ನೇ ತೆಗೆದುಕೊಳ್ಳಿ. ರಾಶಿಗೆ ಒಂದು ದರ, ಬೆಟ್ಟೆಗೆ ಇನ್ನೊಂದು, ಗೊರಬಲಿಗೆ ಮತ್ತೊಂದು. ಬಂದ ಮಾಲು ರಾಶಿಯಾಗಿದ್ದರೆ ಈ ದರ, ಇಲ್ಲದಿದ್ದರೆ ಆ ದರ: ಇದೇ ಇಫ್ ಮತ್ತು ಎಲ್ಸ್. ಮೂಟೆಗಳು ಮುಗಿಯುವವರೆಗೆ ಒಂದೊಂದನ್ನೇ ತೂಗು, ತೂಕವನ್ನು ಒಟ್ಟಿಗೆ ಸೇರಿಸು: ಇದೇ ವೈಲ್. ಕ್ವಿಂಟಾಲಿಗೆ 40,000 ರೂಪಾಯಿ ಎಂದು ಲೆಕ್ಕಕ್ಕೆ ಇಟ್ಟುಕೊಂಡರೆ 3 ಕ್ವಿಂಟಾಲಿಗೆ 1,20,000. ಮಂಡಿಯ ಗುಮಾಸ್ತರು ದಿನವೂ ಮಾಡುವ ಕೆಲಸವನ್ನು ಸಾಲು ಸಾಲಾಗಿ, ಒಂದು ಹೆಜ್ಜೆಯೂ ತಪ್ಪದಂತೆ ಬರೆದುಕೊಟ್ಟರೆ ಅದು ಪ್ರೋಗ್ರಾಮ್.

ಇನ್ನೊಂದು ಮಾತು ನಿಮ್ಮಲ್ಲಿ ಅನೇಕರಿಗೆ ಗೊತ್ತಿರಲಾರದು. 2008ರಲ್ಲಿ ಬಂದ ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡ ಅಕ್ಷರದಲ್ಲೇ ಇಡಬಹುದು. "ತೂಕ", "ದರ", "ಒಟ್ಟು" ಎಂದೇ ಬರೆಯಿರಿ, ಯಂತ್ರ ತಕರಾರು ಮಾಡುವುದಿಲ್ಲ. ೧೨೩ ಎಂದು ಕನ್ನಡ ಅಂಕಿಯಲ್ಲಿ ಕೊಟ್ಟ ಪಠ್ಯವನ್ನೂ ಅದು ಸಂಖ್ಯೆಯಾಗಿ ಬದಲಿಸಿಕೊಳ್ಳಬಲ್ಲದು. ಯಂತ್ರಕ್ಕೆ ಇಲ್ಲದ ಮಡಿವಂತಿಕೆ ಕಲಿಸುವ ಮನುಷ್ಯರಿಗೆ ಇದೆ!

ಹಾಗೆಂದು ಇಂಗ್ಲಿಷೇ ಬೇಡ ಎಂದು ಚಪ್ಪಾಳೆಗಾಗಿ ಹೇಳಲಾರೆ. ಎರರ್ ಸಂದೇಶಗಳು ಇಂಗ್ಲಿಷಿನಲ್ಲಿ ಬರುತ್ತವೆ. ಕೈಪಿಡಿಗಳೂ ಬಹುಮಟ್ಟಿಗೆ ಇಂಗ್ಲಿಷೇ. ನಿಘಂಟು ಪಕ್ಕದಲ್ಲಿಟ್ಟುಕೊಂಡು ನಿಧಾನವಾಗಿ ಓದುವುದು ಬಂದರೆ ಆರಂಭಕ್ಕೆ ಸಾಕು. ಓದುವ ಇಂಗ್ಲಿಷ್ ಬೇರೆ, ಫಟಫಟನೆ ಮಾತಾಡುವ ಇಂಗ್ಲಿಷ್ ಬೇರೆ. ಎರಡನ್ನೂ ಒಂದೇ ಎಂದು ಹೆದರಿಸುವವರನ್ನು ನಂಬಬೇಡಿ. ಜಪಾನಿನ ಯುಕಿಹಿರೊ ಮಾತ್ಸುಮೊಟೊ 1995ರಲ್ಲಿ ರೂಬಿ ಎಂಬ ಪ್ರೋಗ್ರಾಮಿಂಗ್ ಭಾಷೆ ಬಿಡುಗಡೆ ಮಾಡಿದರು. ಮೊದಲ ವರ್ಷಗಳಲ್ಲಿ ಅದರ ವಿವರಣೆ, ಚರ್ಚೆ ಎಲ್ಲ ನಡೆದದ್ದು ಹೆಚ್ಚಾಗಿ ಜಪಾನಿ ಭಾಷೆಯಲ್ಲೇ. ಲೋಕ ಆಮೇಲೆ ಓಡಿಬಂತು. ನಮ್ಮಲ್ಲೂ ಡಾ. ಯು.ಬಿ. ಪವನಜ ಅವರು ಮಕ್ಕಳಿಗಾಗಿ ಇರುವ ಲೋಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕನ್ನಡದಲ್ಲಿ ತಂದರು. ಕನ್ನಡದಲ್ಲೇ ಆಜ್ಞೆ ಕೊಟ್ಟು ಪರದೆಯ ಮೇಲಿನ ಆಮೆಯನ್ನು ನಡೆಸಿ ಚಿತ್ರ ಬರೆಯಬಹುದು. 2006ರಲ್ಲಿ ಅದಕ್ಕೆ ಮಂಥನ್ ಪ್ರಶಸ್ತಿಯೂ ಬಂತು. ನಮ್ಮ ಎಷ್ಟು ಶಾಲೆಗಳಲ್ಲಿ ಅದನ್ನು ಮಕ್ಕಳ ಕೈಗೆ ಕೊಟ್ಟರು? ಆ ಪ್ರಶ್ನೆಯನ್ನು ನೀವು ನನ್ನನ್ನು ಕೇಳಬೇಡಿ, ನಿಮ್ಮ ನಿಮ್ಮ ಶಾಲೆಗಳಿಗೆ ಹೋಗಿ ಕೇಳಿ.

ಮುಂದಿನ ಚೀಟಿ: "ಗಣಿತ ನನಗೆ ಕಬ್ಬಿಣದ ಕಡಲೆ." ಭದ್ರಾವತಿಯವರೇ ಬರೆದಿರಬೇಕು, ಕಬ್ಬಿಣ ಬಿಟ್ಟು ಮಾತಿಲ್ಲ! ಕೂಡುವುದು, ಕಳೆಯುವುದು, ಶೇಕಡಾ ತೆಗೆಯುವುದು ಬಂದರೆ ಶುರು ಮಾಡಿ. ಚಿತ್ರ, ಆಟ, ದೊಡ್ಡ ಅಂಕಿ ಅಂಶಗಳ ಕೆಲಸಕ್ಕೆ ಮುಂದೆ ಗಣಿತ ಬೇಕಾಗುತ್ತದೆ. ಆಗ ಕಲಿಯಿರಿ.

"ಒಟ್ಟು = ಒಟ್ಟು + 1 ಎಂದು ಬರೆಯುತ್ತಾರೆ. ಇದು ಹೇಗೆ ಸರಿ?" ಈ ಚೀಟಿ ಬರೆದವರು ನಿಜವಾಗಿ ಯೋಚಿಸಿದ್ದಾರೆ. ಗಣಿತದಲ್ಲಿ ಇದು ತಪ್ಪೇ. ಆದರೆ ಇಲ್ಲಿ ಆ ಗುರುತಿಗೆ ಸಮ ಎಂದು ಅರ್ಥವಲ್ಲ, "ತುಂಬು" ಎಂದು ಅರ್ಥ. ಭದ್ರಾವತಿ ಬಸ್ಸಿನ ಕಂಡಕ್ಟರನ್ನು ನೆನೆಸಿಕೊಳ್ಳಿ. ಬಸ್ಸಿನಲ್ಲಿ 30 ಜನ. ಮಾಚೇನಹಳ್ಳಿಯಲ್ಲಿ ಒಬ್ಬರು ಹತ್ತಿದರು. ಹಳೆಯ 30ಕ್ಕೆ ಒಂದು ಸೇರಿಸಿ 31 ಎಂದು ಅದೇ ಜಾಗದಲ್ಲಿ ಬರೆದುಕೊಂಡರು. ಬಲಗಡೆ ಹಳೆಯ ಲೆಕ್ಕ, ಎಡಗಡೆ ಹೊಸ ಲೆಕ್ಕ. ಸಮವೇ ಎಂದು ಕೇಳಬೇಕಾದಾಗ ಆ ಗುರುತನ್ನು ಎರಡು ಸಲ ಹಾಕುತ್ತಾರೆ. ಅಷ್ಟೇ.

"ಎಣಿಕೆ ಸೊನ್ನೆಯಿಂದ ಏಕೆ?" ಅದೇ ಬಸ್ಸು ಸಾಕು. ಶಿವಮೊಗ್ಗದಿಂದ ಹೊರಟಾಗ ನೀವು ಎಷ್ಟು ಕಿಲೋಮೀಟರ್ ಬಂದಿದ್ದೀರಿ? ಸೊನ್ನೆ. ಪಟ್ಟಿಯ ಮೊದಲ ವಸ್ತು ಆರಂಭದಿಂದ ಎಷ್ಟು ದೂರ? ಸೊನ್ನೆ. ಯಂತ್ರ ಎಣಿಸುವುದು ದೂರವನ್ನು, ಸರದಿಯನ್ನಲ್ಲ.

"ಯಾವ ಭಾಷೆ ಮೊದಲು?" ಇದಕ್ಕೆ ಹತ್ತು ಜನ ಹನ್ನೊಂದು ಉತ್ತರ ಕೊಡುತ್ತಾರೆ. ನನ್ನ ಅಭಿಪ್ರಾಯ: ಮೊದಲು ಪೈಥಾನ್, ಆರು ತಿಂಗಳ ನಂತರ ಸಿ. ಪೈಥಾನಿಗೆ ಒಂದು ರೂಪಾಯಿಯೂ ಕೊಡಬೇಕಿಲ್ಲ, ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ. ಮೂರು ತಿಂಗಳಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಮಾಡುತ್ತೇವೆ ಎಂದು ಬೋರ್ಡು ಹಾಕಿಕೊಂಡವರಿಗೆ ಅಪ್ಪನ ದುಡ್ಡು ಸುರಿಯುವ ಮೊದಲು ಮನೆಯಲ್ಲಿ ಒಂದು ತಿಂಗಳು ಕೂತು ನೋಡಿ. ಎರರ್ ಬಂದರೆ ಗಾಬರಿಯಾಗಬೇಡಿ. ಪೈಥಾನಿನಲ್ಲಿ ಕೊನೆಯ ಸಾಲನ್ನು ಮೊದಲು ಓದಿ, ರೋಗದ ಹೆಸರು ಅಲ್ಲಿರುತ್ತದೆ. ಅದರ ಮೇಲೆ ಸಾಲಿನ ಸಂಖ್ಯೆ ಇರುತ್ತದೆ. ಬಾಯಿಪಾಠ ಮಾತ್ರ ಬೇಡ.

"ಎಐ ಬಂದಿದೆ, ಅದೇ ಬರೆದುಕೊಡುತ್ತದಲ್ಲ?" ಬರೆದುಕೊಡುತ್ತದೆ, ಕನ್ನಡದಲ್ಲಿ ಕೇಳಿದರೂ ಬರೆದುಕೊಡುತ್ತದೆ. ತಪ್ಪನ್ನೂ ಅಷ್ಟೇ ಧೈರ್ಯದಿಂದ ಬರೆದುಕೊಡುತ್ತದೆ! ತಪ್ಪು ಯಾವುದೆಂದು ಹೇಳಲು ಬಲ್ಲವನೊಬ್ಬ ಬೇಕು.

ಈಗ ನಿಮ್ಮೆಲ್ಲರೂ ಗಮನ ಕೊಟ್ಟು ಕೇಳಬೇಕಾದ ಒಂದು ಚೀಟಿ: "ನಾವು ಕಲಿತು ಮಾಡುವುದೇನು ಸಾರ್? ಎಲ್ಲವನ್ನೂ ಅಮೆರಿಕದವರು ಮಾಡಿಟ್ಟಿದ್ದಾರೆ."

ಮಾಡಿಟ್ಟಿದ್ದಾರೆಯೇ? ಪೈಥಾನಿಗೆ "ಶಿವಮೊಗ್ಗ" ಎಂದು ಕೊಟ್ಟು, ಇದರಲ್ಲಿ ಎಷ್ಟು ಅಕ್ಷರ ಎಂದು ಕೇಳಿ. ಒಂದನೇ ತರಗತಿಯ ಮಗು ನಾಲ್ಕು ಎನ್ನುತ್ತದೆ: ಶಿ, ವ, ಮೊ, ಗ್ಗ. ಕಂಪ್ಯೂಟರ್ ಎಂಟು ಎನ್ನುತ್ತದೆ! ಭದ್ರಾವತಿಯೂ ನಮಗೆ ನಾಲ್ಕು, ಅದಕ್ಕೆ ಎಂಟು. ಯೂನಿಕೋಡ್ ಎಂಬ ಜಾಗತಿಕ ಏರ್ಪಾಡಿನಲ್ಲಿ ವ್ಯಂಜನಕ್ಕೆ ಒಂದು ಸಂಕೇತ, ಗುಣಿತದ ಚಿಹ್ನೆಗೆ ಒಂದು, ಒತ್ತಿಗೆ ಮೊದಲು ಬರುವ ಅರ್ಧಾಕ್ಷರದ ಚಿಹ್ನೆಗೆ ಇನ್ನೊಂದು. ಏರ್ಪಾಡು ತಪ್ಪಲ್ಲ. ಆದರೆ ಇದನ್ನು ತಿಳಿಯದವನು ಒಂದು ಅರ್ಜಿ ನಮೂನೆ ಬರೆದು, ಊರಿನ ಹೆಸರಿಗೆ ಏಳೇ ಅಕ್ಷರ ಸಾಕು ಎಂದು ಕತ್ತರಿಸಿದರೆ ನಮ್ಮ ಊರು "ಶಿವಮೊಗ್" ಆಗುತ್ತದೆ. 2014ರ ನವೆಂಬರ್ 1ರಂದು ಶಿಮೊಗ್ಗ ಹೋಗಿ ಶಿವಮೊಗ್ಗ ಆಯಿತೆಂದು ಹಿಗ್ಗಿದೆವು. ಒಬ್ಬ ಅರೆಬರೆ ಪ್ರೋಗ್ರಾಮರ್ ಅದರ ಬಾಲ ಕತ್ತರಿಸಬಲ್ಲ!

ಇನ್ನೊಂದು. ಹೊಸನಗರ, ಹೊಳೆಹೊನ್ನೂರು ಎರಡನ್ನೂ ಅಕಾರಾದಿಯಲ್ಲಿ ಜೋಡಿಸು ಎಂದು ಹೇಳಿ. ನಮ್ಮ ವರ್ಣಮಾಲೆಯಲ್ಲಿ ಶ, ಷ, ಸ, ಹ ಆದಮೇಲೆ ಕೊನೆಗೆ ಳ. ಹಾಗಾಗಿ ಹೊಸನಗರ ಮೊದಲು ಬರಬೇಕು. ಯೂನಿಕೋಡ್ ಪಟ್ಟಿಯಲ್ಲಿ ಳ ಇರುವುದು ಲ ಪಕ್ಕದಲ್ಲಿ, ವ ಗಿಂತ ಮೊದಲು. ಸಂಕೇತದ ಕ್ರಮದಲ್ಲೇ ಜೋಡಿಸಿದರೆ ಹೊಳೆಹೊನ್ನೂರು ಮುಂದೆ ನುಗ್ಗುತ್ತದೆ. ಮತದಾರರ ಪಟ್ಟಿ, ಗ್ರಂಥಾಲಯದ ಪಟ್ಟಿ, ನಿಘಂಟು ಎಲ್ಲಕ್ಕೂ ಈ ಪೇಚು ಇದೆ. ಇದು ಪೇಚು ಎಂದು ಕಣ್ಣಿಗೆ ಬೀಳುವುದಕ್ಕೂ ಕನ್ನಡ ಬರಬೇಕು. ನಿಮ್ಮ ಕನ್ನಡ ಮಾಧ್ಯಮ ಕೊರತೆಯಲ್ಲ, ಈ ಕೆಲಸಕ್ಕೆ ಅದೇ ಅರ್ಹತೆ.

ಕನ್ನಡ ಬಲ್ಲವರು ಕೈಹಾಕಿದ ಕಡೆ ಕೆಲಸ ಆಗಿದೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯಲ್ಲಿ ಇಂದಿಗೂ ನಮ್ಮ ಕಚೇರಿಗಳು ಟೈಪು ಮಾಡುತ್ತಿವೆ. 1998ರಲ್ಲಿ ಶೇಷಾದ್ರಿ ವಾಸು ಅವರ ಬರಹ ಬಂತು, ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು, ಕನ್ನಡದಲ್ಲೇ ಏರಿದವು. ಆಗುವುದಿಲ್ಲ ಎನ್ನುವವರಿಗೆ ಮನೆಯ ಪಹಣಿ ತೆಗೆದು ತೋರಿಸಿ.

ಕೊನೆಗೆ ಭದ್ರಾವತಿಯ ಹುಡುಗಿಯೊಬ್ಬಳ ಚೀಟಿ. "ಅಪ್ಪ ಕಾಗದ ಕಾರ್ಖಾನೆಯಲ್ಲಿದ್ದರು. ಇದನ್ನು ಕಲಿತರೆ ಊರಲ್ಲೇ ಕೆಲಸ ಸಿಗುತ್ತದೆಯೇ, ಬೆಂಗಳೂರಿಗೇ ಹೋಗಬೇಕೇ?"

ತಂಗೀ, ಸಿಹಿ ಸುಳ್ಳು ಹೇಳಲಾರೆ. ಕಾಗದ ಕಾರ್ಖಾನೆಯ ಯಂತ್ರಗಳು 2015ರಲ್ಲಿ ನಿಂತವು. 1918ರಲ್ಲಿ ಆರಂಭವಾದ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುತ್ತೇವೆ ಎಂದು 2023ರ ಜನವರಿಯಲ್ಲಿ ಹೇಳಿದಾಗ ಊರಿಗೆ ಊರೇ ಬೀದಿಗಿಳಿಯಿತು. ಮಾಚೇನಹಳ್ಳಿಯಲ್ಲಿ ಐಟಿ ಪಾರ್ಕ್ ಕಟ್ಟಡ ಇದೆ, ಆದರೆ ಆ ಕಾರ್ಖಾನೆಗಳು ಕೊಟ್ಟಷ್ಟು ಕೆಲಸವನ್ನು ಕಟ್ಟಡವೊಂದೇ ಕೊಡುವುದಿಲ್ಲ. ದೊಡ್ಡ ಸಂಬಳದ ಕೆಲಸಗಳು ಬಹುಪಾಲು ಬೆಂಗಳೂರಿನಲ್ಲೇ ಇವೆ. ಸಂದರ್ಶನದಲ್ಲಿ ಇಂಗ್ಲಿಷ್ ಮಾತನ್ನೂ ಕೇಳುತ್ತಾರೆ. ಅದಕ್ಕೆ ಬೇರೆಯೇ ತಯಾರಿ ಮಾಡಿಕೊಳ್ಳಬೇಕು, ಮಾಡಿಕೊಳ್ಳಬಹುದು. ಊರಲ್ಲೇ ಇದ್ದು ಮಾಡುವ ಕೆಲಸವೂ ಇದೆ: ಮಂಡಿಯ ಲೆಕ್ಕ, ಸಹಕಾರ ಸಂಘದ ಲೆಕ್ಕ, ಆಸ್ಪತ್ರೆಯ ಸರದಿ. ಶುರುವಿನಲ್ಲಿ ದುಡ್ಡು ಕಡಿಮೆ. ಆದರೆ ಕೈ ಕುದುರುವುದು ಇಂಥ ಕೆಲಸದಲ್ಲೇ. ಈ ಸಣ್ಣ ಕೆಲಸಗಳನ್ನು ಮಾಡಿ ತೋರಿಸುವವರಿಗೆ ಬೆಂಗಳೂರಿನ ಬಾಗಿಲಲ್ಲೂ ಬೆಲೆ ಇದೆ, ಬರಿಯ ಸರ್ಟಿಫಿಕೇಟಿಗಿಂತ ಹೆಚ್ಚು.

ಎಷ್ಟು ದಿನ ಬೇಕು ಎಂದೂ ಕೆಲವರು ಕೇಳಿದ್ದೀರಿ. ದಿನಕ್ಕೆ ಒಂದು ಗಂಟೆಯಂತೆ ಆರು ತಿಂಗಳು ಬಿಡದೆ ಕೂತರೆ ಸ್ವಂತವಾಗಿ ಒಂದು ಸಣ್ಣ ಪ್ರೋಗ್ರಾಮ್ ಬರೆಯುವಷ್ಟು ಆಗುತ್ತದೆ. ಇವತ್ತು ರಾತ್ರಿಯೇ ಶುರು ಮಾಡುವವರಿಗೆ ಒಂದು ಮನೆಗೆಲಸ. ನಮ್ಮ ಜಿಲ್ಲೆಯ ಏಳು ತಾಲ್ಲೂಕುಗಳ ಹೆಸರನ್ನು ಕನ್ನಡದಲ್ಲೇ ಒಂದು ಪಟ್ಟಿಯಾಗಿ ಬರೆಯಿರಿ. ಎಂಟನೆಯದಾಗಿ ಹೊಳೆಹೊನ್ನೂರು ಸೇರಿಸಿ. ಪೈಥಾನಿಗೆ ಜೋಡಿಸಲು ಹೇಳಿ. ಹೊಳೆಹೊನ್ನೂರು ಎಲ್ಲಿ ಕೂರುತ್ತದೆ ನೋಡಿ. ಆಮೇಲೆ ಅದನ್ನು ನಮ್ಮ ವರ್ಣಮಾಲೆ ಹೇಳಿದ ಜಾಗಕ್ಕೆ ತರುವುದು ಹೇಗೆ ಎಂದು ಯೋಚಿಸಿ, ಕನ್ನಡದಲ್ಲೇ ಯೋಚಿಸಿ. ಮಾಡಿದ್ದನ್ನು ಮುಂದಿನ ಭಾನುವಾರ ತನ್ನಿ, ಕೂತು ನೋಡೋಣ.